ಮೂರು ಸೆಂಟಿಮೀಟರ್ ಕಪ್ಪು ನೂಲು

‘ಪರೀಕ್ಷೆಗೆ ಬರಲ್ಲ’ ಎಂಬ ಮಾತು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಮಕ್ಕಳು ಹೇಳಿದರೆ ಹೇಗೋ ಸಹಿಸಬಹುದು, ಅವರಿಗೆ ಅದನ್ನು ಕಲಿಸಿದವರು ನಾವೇ. ಸ್ಟಾಫ್ ರೂಮಿನಲ್ಲಿ ಟೀ ಕುಡಿಯುತ್ತಾ ಮೇಷ್ಟ್ರುಗಳು ಹೇಳಿದಾಗ ಮಾತ್ರ ಲೋಟ ಕೆಳಗಿಟ್ಟು ಎದ್ದು ಹೋಗುತ್ತೇನೆ. ಇಪ್ಪತ್ತೆರಡು ವರ್ಷದಿಂದ ಸರ್ಕಾರಿ ಹೈಸ್ಕೂಲುಗಳಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತಿದ್ದೇನೆ. ಮೊದಲು ಗೌರಿಬಿದನೂರು ಕಡೆಯ ಒಂದು ಹಳ್ಳಿ, ಆಮೇಲೆ ಪೆರೇಸಂದ್ರದ ಹತ್ತಿರ, ಈಗ ಶಿಡ್ಲಘಟ್ಟ. ಮನೆ ಚಿಂತಾಮಣಿಯಲ್ಲಿ. ದಿನಾ ಬೆಳಿಗ್ಗೆ ಟೊಮೆಟೊ ಕ್ರೇಟುಗಳ ಲಾರಿಗಳ ಹಿಂದೆ ನಮ್ಮ ಬಸ್ಸು ತೆವಳುವಾಗ ಕಿಟಕಿಯಾಚೆ ಬಂಡೆಗಳನ್ನು ನೋಡುತ್ತಾ ಬರುತ್ತೇನೆ.

ಆ ಬಂಡೆಗಳಿಗೆ ಸುಮಾರು ಇನ್ನೂರೈವತ್ತು ಕೋಟಿ ವರ್ಷ. ನಮ್ಮ ಜನ ಅದರ ಮೇಲೆ ರಾಗಿ ಒಣಗಿಸುತ್ತಾರೆ, ಚುನಾವಣೆ ಬಂದರೆ ಹೆಸರು ಬರೆಯುತ್ತಾರೆ, ಮನೆ ಕಟ್ಟುವಾಗ ಒಡೆದು ಜಲ್ಲಿ ಮಾಡುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಆ ಬಂಡೆಯ ವಯಸ್ಸು ಎಷ್ಟು, ಅದು ಹುಟ್ಟಿದಾಗ ಭೂಮಿಯ ಮೇಲೆ ಯಾರಿದ್ದರು ಎಂದು ಅಲ್ಲಿಯ ಮಗು ಕೇಳಬಾರದು ಎಂದರೆ ತಕರಾರಿದೆ.

ಕೆಲವು ವರ್ಷಗಳ ಹಿಂದೆ ಮಕ್ಕಳ ಹೊರೆ ಇಳಿಸುತ್ತೇವೆಂದು ಪಠ್ಯಪುಸ್ತಕಗಳಿಗೆ ಕತ್ತರಿ ಬಿತ್ತು. ಹತ್ತನೇ ತರಗತಿಯ ವಿಜ್ಞಾನದಲ್ಲಿ ಅನುವಂಶೀಯತೆ ಉಳಿಯಿತು, ಅದರ ಬೆನ್ನಿಗಿದ್ದ ಜೀವವಿಕಾಸ ಹೋಯಿತು. ಅಪ್ಪನ ಮೂಗು ಮಗಳಿಗೆ ಹೇಗೆ ಬಂತು ಎಂದು ಕೇಳಬಹುದು, ಈ ಮೂಗು ಎಂಬುದೇ ಭೂಮಿಯ ಮೇಲೆ ಹೇಗೆ ಬಂತು ಎಂದು ಕೇಳುವ ಹಾಗಿಲ್ಲ. ಬ್ಯಾಗಿನ ತೂಕ ನೋಡಿದರೆ ಮೊದಲಿನಷ್ಟೇ ಇದೆ. ಇಳಿದದ್ದು ಯಾರ ಹೊರೆ ಎಂದು ನಾನು ಒಂದು ತರಬೇತಿಯಲ್ಲಿ ಎದ್ದುನಿಂತು ಕೇಳಿದ್ದೆ. ‘ಮೇಡಂ, ಊಟಕ್ಕೆ ಹೊತ್ತಾಯ್ತು’ ಎಂದರು. ಆ ದಿನದಿಂದ ನಮ್ಮ ಮುಖ್ಯೋಪಾಧ್ಯಾಯರು ನನ್ನನ್ನು ಕಂಡರೆ ಒಂದು ಹೆಜ್ಜೆ ಹಿಂದೆ ನಿಲ್ಲುತ್ತಾರೆ.

ನಾನು ಆ ಪಾಠ ಬಿಡಲಿಲ್ಲ. ಶನಿವಾರದ ಕೊನೇ ಪೀರಿಯಡ್ಡಿನಲ್ಲಿ ಮಾಡುತ್ತಿದ್ದೆ. ಕಷ್ಟವಿದ್ದದ್ದು ಬೇರೆ ಕಡೆ. ಭೂಮಿಗೆ ನಾನೂರ ಅರವತ್ತು ಕೋಟಿ ವರ್ಷ ಎಂದರೆ ಮಕ್ಕಳು ಬರೆದುಕೊಳ್ಳುತ್ತಾರೆ, ಅಷ್ಟೇ. ಮುಖದ ಮೇಲೆ ಏನೂ ಆಗುವುದಿಲ್ಲ. ಕೋಟಿ ಎಂಬುದು ಅವರಿಗೆ ರಾಜಕಾರಣಿಗಳ ಲೆಕ್ಕ. ಗೌರಿಬಿದನೂರಿನ ಶಾಲೆಯಲ್ಲಿದ್ದಾಗ ವರಾಂಡದುದ್ದಕ್ಕೂ ಹಗ್ಗ ಕಟ್ಟಿ, ಎಲ್ಲಿ ಮೀನು, ಎಲ್ಲಿ ಡೈನೋಸಾರ್, ಎಲ್ಲಿ ಮನುಷ್ಯ ಎಂದು ಚೀಟಿ ಅಂಟಿಸಿದ್ದೆ. ಸ್ವಾತಂತ್ರ್ಯ ದಿನಾಚರಣೆಗೆ ಧ್ವಜಸ್ತಂಭದ ಹಗ್ಗ ಹರಿದಿದೆಯೆಂದು ಅದನ್ನೇ ಬಿಚ್ಚಿ ಕಟ್ಟಿದರು. ಡೈನೋಸಾರ್ ಚೀಟಿ ಸಮೇತ ಬಾವುಟ ಮೇಲೇರಿತು. ನಾನು ಸಲ್ಯೂಟ್ ಹೊಡೆದೆ, ಇನ್ನೇನು ಮಾಡಲಿ.

ಶಿಡ್ಲಘಟ್ಟದಲ್ಲಿ ದಾರಿ ತೋರಿಸಿದವಳು ಒಬ್ಬ ಹುಡುಗಿ. ಹತ್ತನೇ ತರಗತಿ, ಎರಡನೇ ಬೆಂಚು. ಊರಿನ ಒಂದು ಮುಸ್ಲಿಂ ರೀಲರ್ ಮನೆಯವಳು. ರೀಲರ್ ಎಂದರೆ ಗೂಡನ್ನು ಬಿಸಿನೀರಿನಲ್ಲಿ ಬೇಯಿಸಿ ರೇಷ್ಮೆ ನೂಲು ತೆಗೆಯುವವರು, ಶಿಡ್ಲಘಟ್ಟದ ಅರ್ಧ ಬದುಕು ಅದೇ. ಮನೆಯ ಮುಂದಿನ ಶೆಡ್ಡಿನಲ್ಲಿ ಅವಳ ಅಪ್ಪ ಅಮ್ಮ ಇಬ್ಬರೂ ದುಡಿಯುತ್ತಾರೆ. ಬೇಯಿಸಿದ ಹುಳುವಿನ ವಾಸನೆ ಅವಳ ದುಪಟ್ಟಾದಲ್ಲೂ ಇರುತ್ತಿತ್ತು, ಅವಳಿಗೆ ಅದರ ಪರಿವೆ ಇರಲಿಲ್ಲ. ಹೆಚ್ಚು ಮಾತಾಡದ ಹುಡುಗಿ. ನಾನು ಬೋರ್ಡಿನ ಮೇಲೆ ಸೊನ್ನೆಗಳನ್ನು ಎಳೆಯುತ್ತಿದ್ದಾಗ ಎದ್ದು ನಿಂತಳು.

“ಮಿಸ್, ಒಂದು ಮೀಟ್ರು ನೂಲು ಒಂದು ಕೋಟಿ ವರ್ಷ ಅಂತ ಇಟ್ಕೊಳ್ಳಣ. ನಾನೂರ ಅರವತ್ತು ಮೀಟ್ರು ಆಗುತ್ತಲ್ವಾ? ಅರ್ಧ ಗೂಡು ಸಾಕು.”

ತರಗತಿ ನಕ್ಕಿತು. ನಾನು ನಗಲಿಲ್ಲ. ಒಳ್ಳೆಯ ಗೂಡಾದರೆ ಒಂದರಲ್ಲೇ ಸಾವಿರ ಮೀಟರ್ ಎಳೆ ಇರುತ್ತದೆ ಎಂದು ಅವಳೇ ವಿವರಿಸಿದಳು. ಭೂಮಿ ಕೆಂಡದ ಉಂಡೆಯಾಗಿದ್ದ ದಿನದಿಂದ ಇವತ್ತಿನ ಶನಿವಾರದವರೆಗಿನ ಎಲ್ಲವೂ ನಮ್ಮ ಮಕ್ಕಳು ದಿನಾ ಬುಟ್ಟಿಗಟ್ಟಲೆ ಕಾಣುವ ಗೂಡಿನ ಅರ್ಧದಲ್ಲಿ ಮುಗಿದುಹೋಗುತ್ತದೆ. ಇಪ್ಪತ್ತು ವರ್ಷ ಹಗ್ಗ, ಕ್ಯಾಲೆಂಡರ್, ಗಡಿಯಾರ ಎಂದು ಒದ್ದಾಡಿದ ನನಗೆ ಇದು ಹೊಳೆದಿರಲಿಲ್ಲ. ಬೆರಳಿನಿಂದ ಬೋರ್ಡಿನ ಸೊನ್ನೆಗಳನ್ನೆಲ್ಲ ಒರೆಸಿಬಿಟ್ಟೆ.

ಒಂದೇ ಗೂಡಿನ ಎಳೆ ಕೈಗೆ ನಿಲ್ಲುವುದಿಲ್ಲ, ಉಸಿರು ತಾಗಿದರೆ ಹಾರುತ್ತದೆ. ಅದಕ್ಕೆ ಎಂಟು ಗೂಡಿನ ಎಳೆ ಸೇರಿಸಿದ ನೂಲನ್ನು ಅವಳ ಅಪ್ಪ ಕೊಟ್ಟರು. ಅವರ ಮನೆಯ ರಾಟೆ ಒಂದು ಸುತ್ತು ತಿರುಗಿದರೆ ಒಂದೂವರೆ ಮೀಟರ್ ನೂಲು. ಮುನ್ನೂರ ಏಳು ಸುತ್ತಿಗೆ ಭೂಮಿಯ ಕಥೆ ಮುಗಿಯುತ್ತದೆ. ಹುಡುಗಿ ಎರಡು ವಾರ ಕೂತು ಅಲ್ಲಲ್ಲಿ ಬಣ್ಣದ ದಾರ ಕಟ್ಟಿ ಗುರುತು ಮಾಡಿದಳು. ಮೊದಲ ನೂರು ಮೀಟರ್ ಸುಮಾರಾಗಿ ಖಾಲಿ. ಅದರ ಕೊನೆಯಲ್ಲಿ ಕಣ್ಣಿಗೆ ಕಾಣದ ಜೀವಿಗಳಿಗೆ ಹಸಿರು ದಾರ. ನೂರನಲವತ್ತನೇ ಸುತ್ತಿನಲ್ಲಿ ನಮ್ಮ ಬಂಡೆಗಳು. ಪ್ರಾಣಿ ಅನ್ನಿಸಿಕೊಳ್ಳುವಂಥವು ಬರಬೇಕಾದರೆ ಇನ್ನೂರ ಎಪ್ಪತ್ತು ಸುತ್ತು ದಾಟಬೇಕು. ಡೈನೋಸಾರ್ ಹೋದದ್ದು ಕೊನೆಯ ಆರೂವರೆ ಮೀಟರಿನಲ್ಲಿ. ಮನುಷ್ಯ ಬಂದದ್ದು ಕಟ್ಟಕಡೆಯ ಮೂರು ಸೆಂಟಿಮೀಟರಿನಲ್ಲಿ. ಆ ಮೂರು ಸೆಂಟಿಮೀಟರನ್ನು ಇಂಕಿನಲ್ಲಿ ಅದ್ದಿ ಕಪ್ಪು ಮಾಡಿದಳು. ರಾಜರು, ಯುದ್ಧಗಳು, ಬರವಣಿಗೆ ಎಲ್ಲ ಅದರ ತುದಿಯ ಅರ್ಧ ಮಿಲಿಮೀಟರಿನಲ್ಲಿ. ‘ಕಾಣೋದೇ ಇಲ್ಲ ಮಿಸ್’ ಎಂದಳು, ಸ್ವಲ್ಪ ಬೇಜಾರಿನಿಂದಲೇ.

ಇದನ್ನು ತಾಲ್ಲೂಕಿನ ವಿಜ್ಞಾನ ವಸ್ತುಪ್ರದರ್ಶನಕ್ಕೆ ಕಳಿಸುವುದೆಂದು ನಾನು ನಿರ್ಧರಿಸಿದೆ. ತಾಲ್ಲೂಕಿನಿಂದ ಒಂದೇ ಒಂದು ಮಾದರಿ ಚಿಕ್ಕಬಳ್ಳಾಪುರಕ್ಕೆ, ಜಿಲ್ಲಾ ಮಟ್ಟಕ್ಕೆ ಹೋಗುತ್ತದೆ. ಅವಳಿಗೆ ಆ ಒಂದು ಜಾಗ ಬೇಕಿತ್ತು. ಬಾಯಿಬಿಟ್ಟು ಕೇಳಿದ್ದಳು ಕೂಡ. ಚಿಕ್ಕಬಳ್ಳಾಪುರಕ್ಕೆ ಹೋದರೆ ಅಲ್ಲಿ ದೊಡ್ಡ ಕಾಲೇಜಿನವರು ಬಂದು ನೋಡ್ತಾರಂತೆ, ಅವರ ಹತ್ತಿರ ಒಂದು ಪ್ರಶ್ನೆ ಕೇಳಬೇಕು ಎಂದಿದ್ದಳು. ಪ್ರಶ್ನೆ ಇಷ್ಟೇ. ಈ ನೂಲು ಮುಂದಕ್ಕೆ ಎಷ್ಟು ಮೀಟರ್ ಇದೆ? ನನಗೆ ಉತ್ತರ ಗೊತ್ತಿರಲಿಲ್ಲ. ಅಲ್ಲೇ ಕೇಳಮ್ಮ, ಕರ್ಕೊಂಡು ಹೋಗ್ತೀನಿ ಎಂದು ಮಾತು ಕೊಟ್ಟೆ.

ಸ್ಟಾಫ್ ರೂಮಿನಲ್ಲಿ ಗುಸುಗುಸು ಶುರುವಾಯಿತು. ಇಲ್ಲದ ಪಾಠ ಯಾಕೆ ಮೇಡಂ ಎಂದರು ಒಬ್ಬರು. ಇನ್ನೊಬ್ಬರು ದನಿ ತಗ್ಗಿಸಿ, ಆ ಹುಡುಗಿ ಮನೇಲಿ ಇದಕ್ಕೆಲ್ಲ ಒಪ್ತಾರಾ, ನಾಳೆ ಅವರಪ್ಪ ನಾಲ್ಕು ಜನ ಕರ್ಕೊಂಡು ಬಂದು ಗಲಾಟೆ ಮಾಡಿದರೆ ಯಾರು ಜವಾಬ್ದಾರಿ ಎಂದರು. ಆ ಮನೆಯ ಹೊಸಿಲು ಕಂಡವರಲ್ಲ ಇವರು. ಆ ಅಪ್ಪ ತನ್ನ ಒಳ್ಳೆಯ ನೂಲನ್ನು ಪುಕ್ಕಟೆ ಕೊಟ್ಟಿದ್ದಾರೆ, ನೀವು ಒಂದು ಡ್ರಾಯಿಂಗ್ ಶೀಟ್ ಕೊಟ್ಟಿದ್ದೀರಾ ಎಂದು ನಾನು ಕೇಳಿದೆ. ಮುಖ್ಯೋಪಾಧ್ಯಾಯರು ಎಂದಿನಂತೆ ಕಂಬದ ಹಿಂದೆ ನಿಂತಿದ್ದರು. ಹಾಗೆ ನಾನು ದೊಡ್ಡ ಧೈರ್ಯಸ್ಥೆಯಂತೆ ಮಾತಾಡಿದ್ದೆ ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ, ಮುಂದಿನದಕ್ಕೆ ಬೇಕಾಗುತ್ತದೆ.

ಪ್ರದರ್ಶನ ಊರಿನ ಇನ್ನೊಂದು ಶಾಲೆಯ ಸಭಾಂಗಣದಲ್ಲಿ. ನಮ್ಮ ಪಕ್ಕದ ಮೇಜಿನಲ್ಲಿ ಜ್ವಾಲಾಮುಖಿ. ನಾನು ಕೆಲಸಕ್ಕೆ ಸೇರಿದ ವರ್ಷದಿಂದ ಪ್ರತಿ ಪ್ರದರ್ಶನದಲ್ಲೂ ಅದೇ ಜ್ವಾಲಾಮುಖಿ, ಅದೇ ಅಡುಗೆ ಸೋಡ, ಅದೇ ಕೆಂಪು ಬಣ್ಣದ ನೊರೆ. ಈ ಸಲದ್ದಕ್ಕೆ ಪುಟ್ಟ ಬಲ್ಬು ಬೇರೆ ಹಾಕಿದ್ದರು. ಮೂವರು ತೀರ್ಪುಗಾರರು. ಮುಖ್ಯರಾದವರು ನಿವೃತ್ತ ಅಧ್ಯಾಪಕರೊಬ್ಬರು, ಹೆಗಲ ಮೇಲೆ ಆಗಷ್ಟೇ ಹೊದಿಸಿದ ಶಾಲು. ಉದ್ಘಾಟನೆಯಲ್ಲಿ ಅರ್ಧ ಗಂಟೆ, ಮಕ್ಕಳು ಪುಸ್ತಕದಾಚೆ ಯೋಚಿಸಬೇಕು ಎಂದು ಭಾಷಣ ಮಾಡಿದ್ದರು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆ ಆಗ ನನಗೆ ನೆನಪಾಗಬೇಕಿತ್ತು.

ಹುಡುಗಿ ಸುತ್ತಿ ಕಟ್ಟಿದ ನೂಲಿನ ಲಡಿಯನ್ನು ಒಂದು ರಾಟೆಗೆ ಹಾಕಿ, ನೂಲನ್ನು ಇನ್ನೊಂದಕ್ಕೆ ಎಳೆದುಕೊಳ್ಳುತ್ತಾ ತಿರುಗಿಸತೊಡಗಿದಳು. ಐದು ನಿಮಿಷದ ಲೆಕ್ಕ. ಮೂವತ್ತು ಸುತ್ತು, ನಲವತ್ತು ಸುತ್ತು. ನೂಲು ಬರೀ ಬಿಳಿ.

“ಏನಮ್ಮ, ತಿರುಗಿಸ್ತಾನೇ ಇದ್ದೀಯಲ್ಲ. ಎಲ್ಲಿ ಜೀವಿಗಳು?” ಎಂದರು ಶಾಲಿನವರು.

“ಇನ್ನೂ ಹುಟ್ಟಿಲ್ಲ ಸಾರ್,” ಎಂದಳು ಅವಳು. ಕೈ ನಿಲ್ಲಿಸಲಿಲ್ಲ.

ಸುತ್ತ ನಿಂತಿದ್ದ ಮಕ್ಕಳು ನೂಲಿನ ಮೇಲೆ ಕಣ್ಣು ನೆಟ್ಟರು. ನನಗೆ ಬೇಕಾಗಿದ್ದುದೇ ಇದು. ಕಾಲ ಎಷ್ಟು ಉದ್ದ ಎಂದು ಅವರು ಮೊದಲ ಸಲ ಕಾಯುತ್ತಾ ತಿಳಿಯುತ್ತಿದ್ದರು. ಹಸಿರು ದಾರ ಬಂದಾಗ ಒಬ್ಬಳು ಉಸಿರು ಬಿಟ್ಟಳು. ಬಂಡೆ ಬಂತು. ಮತ್ತೆ ಖಾಲಿ ಖಾಲಿ. ಮೀನು, ಗಿಡ, ರೆಕ್ಕೆಯ ಹುಳ, ಡೈನೋಸಾರ್ ಎಲ್ಲ ಒಂದರ ಹಿಂದೆ ಒಂದು ನೂಕುನುಗ್ಗಲಿನಲ್ಲಿ ಬಂದವು. ಅವಳ ಕೈ ನಿಧಾನವಾಯಿತು. ಕೊನೆಯ ಸುತ್ತು. ನೂಲಿನ ತುದಿ ಅವಳ ಬೆರಳಿಗೆ ಬಂತು.

ತುದಿ ಬಿಳಿಯಾಗಿಯೇ ಇತ್ತು. ಇಂಕಿನ ಗುರುತೇ ಇಲ್ಲ.

ಏನಾಗಿದೆ ಎಂದು ಅವಳಿಗೆ ಒಂದೇ ನೋಟಕ್ಕೆ ಗೊತ್ತಾಯಿತು. ನೂಲು ಮಾರುವ ಮನೆಯಲ್ಲಿ ಲಡಿಯನ್ನು ಹಾಗೇ ಹೊರಗೆ ಕಳಿಸುವುದಿಲ್ಲ. ಎರಡೂ ತುದಿ ಹುಡುಕಿ, ಜೋತಾಡುವ ಬಾಲ ಕತ್ತರಿಸಿ, ಚೊಕ್ಕ ಮಾಡಿ ಕಟ್ಟುತ್ತಾರೆ. ಕಲೆ ಇದ್ದ ನೂಲಿಗೆ ಗ್ರೇಡ್ ಬೀಳುತ್ತದೆ, ಬೆಲೆ ಇಳಿಯುತ್ತದೆ. ಅವತ್ತು ಬೆಳಿಗ್ಗೆ ಮಗಳ ಲಡಿಯನ್ನು ಕೈಗೆ ತೆಗೆದುಕೊಂಡ ಅಪ್ಪ, ನಾಲ್ಕು ಜನ ನೋಡುವ ವಸ್ತು ಅಂದವಾಗಿರಲಿ ಎಂದು ಮಸಿ ಹತ್ತಿದ ತುದಿಯನ್ನು ಕತ್ತರಿಸಿ ಕಸದ ನೂಲಿನ ಬುಟ್ಟಿಗೆ ಹಾಕಿಬಿಟ್ಟಿದ್ದರು. ಬಣ್ಣದ ದಾರಗಳನ್ನು ಮುಟ್ಟಿರಲಿಲ್ಲ, ಅವು ಮಗಳು ಕಟ್ಟಿದವು. ಕಲೆಯನ್ನು ಮಾತ್ರ ತೆಗೆದಿದ್ದರು.

“ಮನುಷ್ಯ ಎಲ್ಲಮ್ಮ?” ಎಂದರು ಶಾಲಿನವರು.

“ವೇಸ್ಟ್ ಬುಟ್ಟಿಗೆ ಹೋಗಿದಾನೆ ಸಾರ್. ನಮ್ಮ ಅಬ್ಬಾ ಕ್ಲೀನ್ ಮಾಡ್ಬಿಟ್ಟಿದಾರೆ.”

ಮಕ್ಕಳು ಗೊಳ್ಳೆಂದು ನಕ್ಕರು. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, ಮಿಸ್ ನಿಮ್ದು ಒಂದು ಕೂದಲು ಕೊಡಿ ಎಂದಳು. ನಾನು ಕಿತ್ತುಕೊಟ್ಟೆ, ಅದು ಬಿಳಿಯದಾಗಿತ್ತು. ಕರೀದು ಬೇಕು ಮಿಸ್ ಎಂದಳು. ಕಿವಿಯ ಹಿಂದೆ ತಡಕಿ ಬಣ್ಣ ಹಿಡಿದಿದ್ದ ಒಂದನ್ನು ಕಿತ್ತೆ. ಅವಳು ಅದನ್ನು ಮೂರು ಸೆಂಟಿಮೀಟರಿಗೆ ತುಂಡು ಮಾಡಿ, ಗೂಡು ಬೇಯುವ ಬೇಸಿನ್ ಮುಂದೆ ಹರಿದ ನೂಲಿಗೆ ರೀಲರುಗಳು ಹಾಕುವ ಗಂಟು ಹಾಕಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಯಿತು. ಗಂಟು ಕೈಗೆ ಸಿಗುವುದಿಲ್ಲ, ಅಷ್ಟು ನಯ. ಇದೇ ಮನುಷ್ಯ ಸಾರ್ ಎಂದು ತುದಿಯನ್ನು ಅವರ ಮುಂದೆ ಹಿಡಿದಳು.

ಬೇರೆ ಯಾವ ಊರಿನಲ್ಲಾದರೂ ಆ ಮಗುವನ್ನು ಹೆಗಲ ಮೇಲೆ ಹೊತ್ತು ಮೆರೆಸಬೇಕಿತ್ತು. ಶಾಲಿನವರು ತುದಿಯನ್ನು ನೋಡಲಿಲ್ಲ. ನನ್ನನ್ನು ನೋಡಿದರು.

“ಮೇಡಂ, ಈ ಪಾಠ ತೆಗೆದುಹಾಕಿದಾರೆ. ನಿಮಗೆ ಗೊತ್ತಿಲ್ವಾ? ನೀವೇ ಹೇಳಿಕೊಟ್ಟಿದ್ದಾ ಇದು?”

ಅವರ ಹಿಂದೆ ನಮ್ಮ ಮುಖ್ಯೋಪಾಧ್ಯಾಯರು ಬೇಡ ಬೇಡ ಎಂದು ಕೈಯಾಡಿಸುತ್ತಿದ್ದರು. ಅದಕ್ಕಿಂತ ಹಿಂದೆ ಇಲಾಖೆಯ ಒಬ್ಬರು ನಿಂತಿದ್ದರು. ನನಗೆ ಆ ಕ್ಷಣ ನೆನಪಾದದ್ದು ಬಂಡೆಯಲ್ಲ, ನೂಲಲ್ಲ. ವರ್ಗಾವಣೆ ನೆನಪಾಯಿತು. ಒಂದು ನೋಟೀಸು, ಅದಕ್ಕೆ ಸಮಜಾಯಿಷಿ, ಬಾಗೇಪಲ್ಲಿಯಾಚೆ ಗಡಿಯ ಯಾವುದೋ ಊರು, ಎರಡು ಬಸ್ಸು. ನನ್ನ ಬಾಯಿಂದ ಬಂದ ಮಾತನ್ನು ಇದ್ದ ಹಾಗೇ ಬರೆಯುತ್ತೇನೆ.

“ಇಲ್ಲ ಸಾರ್. ಮಗು ತಾನೇ ಆಸಕ್ತಿಯಿಂದ ಮಾಡಿಕೊಂಡಿರೋದು.”

ಶಾಲಿನವರಿಗೆ ಸಮಾಧಾನವಾಯಿತು. ಸಿಲಬಸ್ಸಿನಾಚೆಯ ವಿಷಯ ತರಬಾರದಮ್ಮ ಎಂದು ಅವಳಿಗೆ ಬುದ್ಧಿ ಹೇಳಿ, ಹಾಳೆಯಲ್ಲಿ ಏನೋ ಗೀಚಿ, ಜ್ವಾಲಾಮುಖಿಯ ಕಡೆ ಹೋದರು. ಹುಡುಗಿ ಒಂದು ಸಲ ನನ್ನ ಮುಖ ನೋಡಿದಳು. ಆಮೇಲೆ ನೂಲನ್ನು ಹಿಂದಕ್ಕೆ ಸುತ್ತತೊಡಗಿದಳು. ಸಂಜೆ ಜ್ವಾಲಾಮುಖಿ ಚಿಕ್ಕಬಳ್ಳಾಪುರಕ್ಕೆ ಹೋಗಲು ಆಯ್ಕೆಯಾಯಿತು.

ಆ ವಾರ ನಾನು ಎಲ್ಲರ ಮೇಲೂ ರೇಗಾಡಿದೆ. ಬಸ್ಸಿನ ಕಂಡಕ್ಟರ್ ಮೇಲೆ, ತರಕಾರಿಯವನ ಮೇಲೆ, ಮನೆಯಲ್ಲಿ ಸಾರಿಗೆ ಉಪ್ಪು ಜಾಸ್ತಿ ಎಂದವರ ಮೇಲೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ. ಆ ಶಾಲಿನವರ ಮೇಲೆ ನನಗಿರುವ ಸಿಟ್ಟು ಇಂದಿಗೂ ಆರಿಲ್ಲ. ಕೋಟಿ ವರ್ಷಗಳನ್ನು ಬೆರಳ ತುದಿಯಲ್ಲಿ ಹಿಡಿದು ತೋರಿಸಿದ ಮಗುವಿನ ಮುಂದೆ ಸಿಲಬಸ್ ಹಾಳೆ ಹುಡುಕಿದ ಕಣ್ಣುಗಳವು. ಕೂತಲ್ಲೇ ಪಾಠಕ್ಕೆ ಕತ್ತರಿ ಹಾಕಿದವರ ಮೇಲೆ ಅದಕ್ಕಿಂತ ಹೆಚ್ಚು ಸಿಟ್ಟಿದೆ. ಆದರೆ ಅವರನ್ನೆಲ್ಲ ಬೈದು ಮುಗಿಸಿದ ಮೇಲೂ ಮಿಗುತ್ತಿದ್ದ ಸಿಟ್ಟು ಯಾರದೆಂದು ನನಗೆ ಗೊತ್ತಿತ್ತು. ಹುಡುಗಿ ದಿನಾ ಬರುತ್ತಿದ್ದಳು, ಬರೆದುಕೊಳ್ಳುತ್ತಿದ್ದಳು, ಪ್ರಶ್ನೆ ಕೇಳುತ್ತಿರಲಿಲ್ಲ.

ಮುಂದಿನ ಸೋಮವಾರ ಅವಳ ಅಪ್ಪ ಶಾಲೆಗೆ ಬಂದರು. ಗೇಟಿನಲ್ಲಿ ಅವರನ್ನು ಕಂಡದ್ದೇ ಸ್ಟಾಫ್ ರೂಮಿನಲ್ಲಿ ಕುರ್ಚಿಗಳು ಸರಿದಾಡಿದವು. ನಾನು ಹೇಳಿರಲಿಲ್ವಾ ಎಂದರು ಒಬ್ಬರು. ಮುಖ್ಯೋಪಾಧ್ಯಾಯರು ಫೋನು ಕೈಗೆತ್ತಿಕೊಂಡರು. ಬಂದವರು ಒಬ್ಬರೇ. ಸುಮಾರು ಐವತ್ತು ವರ್ಷ, ಬಿಸಿನೀರಿನಲ್ಲಿ ನೆನೆದು ನೆನೆದು ಬಿಳಿಚಿದ ಬೆರಳುಗಳು, ಬಗಲಲ್ಲಿ ಒಂದು ಬಟ್ಟೆಯ ಚೀಲ. ಚಪ್ಪಲಿ ಬಾಗಿಲಲ್ಲೇ ಬಿಟ್ಟು ಬಂದರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ.

“ಮೇಡಂ, ತಪ್ಪು ನಂದು. ಮಸಿ ಅಂತ ಕತ್ತರಿಸಿಬಿಟ್ಟೆ. ಮಗಳು ಮನೇಲಿ ಹೇಳಿದ ಮೇಲೇ ಗೊತ್ತಾಗಿದ್ದು, ಮನುಷ್ಯ ಇದ್ದಿದ್ದೇ ಅಷ್ಟರಲ್ಲಿ ಅಂತ,” ಎಂದರು. ಚೀಲದಿಂದ ಹೊಸ ಲಡಿಯೊಂದನ್ನು ತೆಗೆದು ನನ್ನ ಮೇಜಿನ ಮೇಲಿಟ್ಟರು. ಎಲ್ಲ ಗುರುತುಗಳಿದ್ದವು. ತುದಿಯಲ್ಲಿ ಮೂರು ಸೆಂಟಿಮೀಟರ್ ಕಪ್ಪು. ಈ ಸಲ ನಾನೇ ಅಳೆದು ಅದ್ದಿದೀನಿ, ಸ್ಕೂಲಲ್ಲೇ ಇರಲಿ ಎಂದರು.

ಇದೆಲ್ಲ ನಿಮ್ಮ ಮನೆಯಲ್ಲಿ ಒಪ್ಪುತ್ತೀರಾ ಎಂದು ನಮ್ಮ ಮುಖ್ಯೋಪಾಧ್ಯಾಯರು ತಡೆಯಲಾರದೆ ಕೇಳಿಯೇಬಿಟ್ಟರು. ಹುಡುಗಿಯ ಅಪ್ಪ ಖಾಲಿ ಚೀಲ ಮಡಚಿಕೊಂಡರು. ಮನೇಲಿ ನಾವು ಹೇಳಿಕೊಡೋದು ಮನೆ ಮಾತು, ಸ್ಕೂಲಲ್ಲಿ ಕಲಿಯೋದು ಸ್ಕೂಲ್ ಪಾಠ, ಎರಡೂ ತಿಳ್ಕೊಂಡಿರಲಿ ಬಿಡಿ ಸಾರ್, ಅದಕ್ಕೇ ಅಲ್ವಾ ಕಳಿಸೋದು ಎಂದರು. ಬೇಸಿನ್ ಮೇಲೆ ಗೂಡು ಬಿಟ್ಟು ಬಂದಿದ್ದೇನೆಂದು ಕೈಮುಗಿದು ಹೊರಟರು. ಮುಖ್ಯೋಪಾಧ್ಯಾಯರು ಫೋನನ್ನು ಜೇಬಿಗಿಟ್ಟುಕೊಂಡರು.

ತಿಳಿಯದೆ ಮೂರು ಸೆಂಟಿಮೀಟರ್ ಕತ್ತರಿಸಿದ ಮನುಷ್ಯ ಕೆಲಸ ಬಿಟ್ಟು ನಡೆದು ಬಂದು ತಪ್ಪಾಯಿತು ಎಂದ. ತಿಳಿದೂ ತಿಳಿದೂ ನಾನೂರ ಅರವತ್ತು ಮೀಟರನ್ನು ಕತ್ತರಿಸಿದವರು ಯಾರೂ ಯಾವ ಶಾಲೆಯ ಬಾಗಿಲಿಗೂ ಬಂದದ್ದನ್ನು ನಾನು ಕಾಣೆ. ಹೀಗೆ ಬರೆಯುವುದು ಸುಲಭ. ನಾನಾದರೂ ಅಲ್ಲಿಂದ ಎರಡನೇ ಬೆಂಚಿಗೆ ನಡೆದುಹೋಗಬೇಕಿತ್ತು, ವರಾಂಡದಲ್ಲಿ ಇಪ್ಪತ್ತು ಹೆಜ್ಜೆ. ಅದಕ್ಕೆ ನಾನು ಒಂದು ವಾರ ತೆಗೆದುಕೊಂಡಿದ್ದೆ.

ಆ ದಿನ ಎರಡನೇ ಪೀರಿಯಡ್ಡಿನಲ್ಲಿ ಲಡಿಯನ್ನು ತರಗತಿಗೆ ಕೊಂಡೊಯ್ದೆ. ಅವಳ ಅಪ್ಪ ತಪ್ಪು ಒಪ್ಪಿಕೊಂಡಷ್ಟು ಸಲೀಸಾಗಿ ನನಗೆ ಮಾತು ಬರಲಿಲ್ಲ. ಈ ಪಾಠ ಹೇಳಿಕೊಟ್ಟವಳು ನಾನು, ಅವತ್ತು ಎಲ್ಲರೆದುರಿಗೆ ಇಲ್ಲ ಎಂದವಳೂ ನಾನೇ, ಅದು ಸುಳ್ಳು, ಆ ಸುಳ್ಳಿಗೆ ನಿಮ್ಮ ಗೆಳತಿ ಚಿಕ್ಕಬಳ್ಳಾಪುರದ ಜಾಗ ಕಳೆದುಕೊಂಡಳು ಎಂದೆ. ಅವಳ ಕಡೆ ತಿರುಗಿ, ತಪ್ಪಾಯ್ತಮ್ಮ ಎಂದೆ. ನಲವತ್ತು ಮಕ್ಕಳು ನನ್ನನ್ನೇ ನೋಡುತ್ತಿದ್ದರು. ಟೀಚರುಗಳು ಹಾಗೆ ಹೇಳುವುದನ್ನು ಅವರು ಕೇಳಿರಲಿಲ್ಲ.

ಅವಳು ಎದ್ದು ನಿಂತಳು. ಅವಳ ಮುಖದಲ್ಲಿ ಕೋಪ ಹುಡುಕಿದೆ, ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ನನ್ನನ್ನು ಸಮಾಧಾನ ಮಾಡುವ ಹಾಗೆ ಅವಳು ಮೆಲ್ಲಗೆ ಹೇಳಿದಳು:

“ಪರವಾಗಿಲ್ಲ ಮಿಸ್. ಅಬ್ಬಾನೂ ಹೆದರಿಕೊಂಡೇ ಕತ್ತರಿಸಿದ್ದು, ಗ್ರೇಡ್ ಬೀಳುತ್ತೆ ಅಂತ.”